ಅವಳು ಅಳಿಸಿದ ಸೊನ್ನೆಗಳು

"ಯಾರ್ರೀ ಇಲ್ಲಿ ನನ್ನ ಸೊನ್ನೆಗಳನ್ನೆಲ್ಲ ನುಂಗಿ ಹಾಕಿದ್ದು?!"

ಪ್ರೆಸ್ಸಿನ ಗಾಜಿನ ಬಾಗಿಲು ತಳ್ಳಿಕೊಂಡು ಬಂದವನ ಕೈಯಲ್ಲಿ ಪ್ರೂಫ್ ಹಾಳೆಗಳ ಕಂತೆ ಇತ್ತು. ಪಕ್ಕದ ಬೀದಿಯ ಹೈಸ್ಕೂಲಿನ ಕಂಪ್ಯೂಟರ್ ಮೇಷ್ಟ್ರು ಅವನು. ಅಕ್ಷರ, ಚಿತ್ರ, ಹಾಡು ಎಲ್ಲವನ್ನೂ ಕಂಪ್ಯೂಟರ್ ಬರೀ ಒಂದು ಮತ್ತು ಸೊನ್ನೆಗಳಲ್ಲಿ ಹೇಗೆ ಇಟ್ಟುಕೊಳ್ಳುತ್ತದೆ ಎಂದು ಮಕ್ಕಳಿಗಾಗಿ ಒಂದು ಪುಸ್ತಕ ಬರೆದಿದ್ದ. ಅದೂ ಕೈಬರಹದಲ್ಲಿ!

ಅದನ್ನು ಕಷ್ಟಪಟ್ಟು ಟೈಪ್ ಮಾಡಿದವಳು ಕುರ್ಚಿಯಿಂದ ಎದ್ದಳು.

"ನಾನೇ. ಏನೀಗ? ಐದು ಅನ್ನೋಕೆ ಯಾರಾದ್ರೂ 00000101 ಅಂತ ಬರೀತಾರಾ? 101 ಸಾಕಲ್ವಾ? ಮುಂದಿರೋ ಸೊನ್ನೆಗೆ ಏನು ಬೆಲೆ ಇದೆ ಹೇಳಿ!"

"ಎಂಟು ಮನೆ ಇರಲೇಬೇಕು ಮೇಡಂ! ಖಾಲಿ ಇದ್ರೂ ಮನೆ ಮನೇನೇ!"

"ಹಾಗಾದ್ರೆ ನೀವೇ ಕೂತು ಟೈಪ್ ಮಾಡ್ಕೊಳ್ಳಿ!"

ಆದರೂ ನಲವತ್ತು ಪುಟಗಳಲ್ಲಿ ಅಳಿಸಿದ್ದ ಸೊನ್ನೆಗಳನ್ನೆಲ್ಲ ಹಲ್ಲು ಕಚ್ಚಿಕೊಂಡು ಮತ್ತೆ ಹಾಕಿದಳು.

ಅಲ್ಲಿಗೆ ಮುಗಿಯಲಿಲ್ಲ. ಮೂರು ವಾರ... ದಿನಾ ಸಂಜೆ ಐದಕ್ಕೆ ಹಾಜರ್! ಇಲ್ಲಿ ಒಂದು ಕಾಮಾ ತೆಗೀರಿ. ಮರುದಿನ, ಅದೇ ಕಾಮಾ ಹಾಕಿ. ಅವಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಆದರೆ ಒಂದು ದಿನ ಅವನು ಬರುವುದು ಹತ್ತು ನಿಮಿಷ ತಡವಾದಾಗ ಅವಳ ಕಣ್ಣು ಬಾಗಿಲ ಕಡೆಗೇ ಹೋಯಿತು.

'ಥೂ... ಇದೇನು ಬಂತಪ್ಪ ನನಗೆ!'

ಮಂಗಳವಾರ ಬೆಳಿಗ್ಗೆ ಪ್ರೆಸ್ಸಿನ ಯಜಮಾನರು ಕರೆದರು.

"ಉಳಿದ ಪುಟ ಬೇರೆಯವರ ಕೈಲಿ ಮಾಡಿಸಿ ಅಂತ ಮೇಷ್ಟ್ರು ಹೇಳಿ ಹೋದ್ರಮ್ಮ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅದರ ಬೆನ್ನಿಗೇ ಕಣ್ಣು ತುಂಬಿತು. 'ಇಷ್ಟು ಮಾಡಿದ್ದಕ್ಕೆ ಇದಾ ಮರ್ಯಾದೆ? ನನ್ನ ಕೆಲಸ ಅಷ್ಟು ಕೆಟ್ಟದಾಗಿದೆಯಾ?'

ಕಂತೆ ಎತ್ತಿಕೊಂಡು ನೇರ ಸ್ಕೂಲಿಗೇ ನಡೆದಳು.

ಕ್ಲಾಸಿನ ಮುಂದೆ ಸಾಲಾಗಿ ಎಂಟು ಕುರ್ಚಿ. ಒಂದೊಂದಕ್ಕೂ ಒಂದೊಂದು ಚೀಟಿ: 128, 64, 32, 16, 8, 4, 2, 1. ಏಳರಲ್ಲಿ ಮಕ್ಕಳು, 128ರ ಕುರ್ಚಿ ಮಾತ್ರ ಖಾಲಿ. ಎದ್ದು ನಿಂತರೆ ಒಂದು, ಕೂತರೆ ಸೊನ್ನೆ.

"ಸರಿಯಾದ ಟೈಮಿಗೆ ಬಂದ್ರಿ! ಆ ಕುರ್ಚೀಲಿ ಸ್ವಲ್ಪ ಕೂತ್ಕೋತೀರಾ?" ಎಂದ ಮೇಷ್ಟ್ರು.

"ನಾನು ಜಗಳ ಆಡೋಕೆ ಬಂದಿರೋದು!"

"ಆಡೋಣ. ಎರಡೇ ನಿಮಿಷ."

ಮಕ್ಕಳೆಲ್ಲ ನೋಡುತ್ತಿದ್ದರು. ವಿಧಿಯಿಲ್ಲದೆ ಕೂತಳು. ನಾಲ್ಕರ ಹುಡುಗಿ, ಒಂದರ ಹುಡುಗ ಎದ್ದು ನಿಂತರು.

"ಐದು!" ಎಂದಿತು ಕ್ಲಾಸು.

"ಈಗ ಮೇಡಂ ಎದ್ದು ನಿಂತ್ರೆ?"

ಅವಳು ಎದ್ದಳು.

"ನೂರ ಮೂವತ್ಮೂರು!!"

ಅವಳು ತಿರುಗಿ ತನ್ನ ಕುರ್ಚಿಯನ್ನು ನೋಡಿದಳು. ಆ ಜಾಗವೇ ಇಲ್ಲದಿದ್ದರೆ ತಾನು ನಿಲ್ಲುವುದಾದರೂ ಎಲ್ಲಿ? 'ಇದನ್ನು ಮೊದಲ ದಿನವೇ ನೆಟ್ಟಗೆ ಹೇಳಬಾರದಿತ್ತಾ ಈ ಮನುಷ್ಯ!'

ಗಂಟೆ ಹೊಡೆಯಿತು. ವರಾಂಡಕ್ಕೆ ಬಂದವಳೇ ಅಡ್ಡ ನಿಂತಳು.

"ಅದೆಲ್ಲ ಇರಲಿ. ನನ್ನ ಕೈಯಿಂದ ಕೆಲಸ ಯಾಕೆ ಕಿತ್ಕೊಂಡ್ರಿ?"

ಅವನು ತಲೆ ತಗ್ಗಿಸಿದ. "ನಿಮ್ಮ ಬಲಗೈ ಮಣಿಕಟ್ಟು ಊದ್ಕೊಂಡಿದೆ... ಎರಡು ದಿನದಿಂದ ಎಡಗೈಲೇ ಟೈಪ್ ಮಾಡ್ತಿದ್ರಿ. ನೋಡೋಕಾಗ್ಲಿಲ್ಲ."

"ನನಗೇ ಹೇಳೋಕೇನಾಗಿತ್ತು?!"

"ಹೇಳಿದ್ರೆ ಕೇಳ್ತಿದ್ರಾ?"

ಕೇಳುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಇನ್ನೊಂದು ನಿಜ ಹೇಳ್ಬೇಕು, ಬೈಬೇಡಿ..." ಅವನ ದನಿ ಇಳಿಯಿತು. "ಆ ಕಾಮಾಗಳು ಯಾವುದೂ ಬೇಕಿರ್ಲಿಲ್ಲ. ನಿಮ್ಮನ್ನ ನೋಡೋಕೆ... ಏನಾದ್ರೂ ನೆಪ ಬೇಕಿತ್ತಲ್ಲ."

ಅವಳು ಊದಿದ ಮಣಿಕಟ್ಟನ್ನು ಅವನ ಮುಂದೆ ಹಿಡಿದಳು.

"ರೀ! ಆ ಕಾಮಾಗಳಿಂದಲೇ ನನ್ನ ಕೈ ಊದಿರೋದು!"

ಅವನು ಹಣೆ ಚಚ್ಚಿಕೊಂಡ.

"ನಿಮ್ಮನ್ನ ಎಷ್ಟು ಬೈದ್ರೂ ಸಾಲದು!"

"ಹಾಗಾದ್ರೆ... ದಿನಾ ಬೈಯೋಕೆ ನಮ್ಮನೆಗೇ ಬಂದ್ಬಿಡ್ತೀರಾ?"

ಅವಳ ಸಿಟ್ಟು ನಾಲಿಗೆಯ ತುದಿಯಲ್ಲೇ ನಿಂತಿತು. ಕಿವಿ ಬಿಸಿಯಾಯಿತು.

"ಇಷ್ಟು ಹೇಳೋಕೆ ಮೂರು ವಾರ ಬೇಕಾಯ್ತಾ ನಿಮಗೆ?"

"ಭಯ ಆಗ್ತಿತ್ತು ಮೇಡಂ."

"ಭಾನುವಾರ ಅಮ್ಮ ಮನೇಲಿರ್ತಾರೆ. ಬಂದು ಮಾತಾಡಿ. ಅವರು ನನಗಿಂತ ಜೋರು, ಈಗ್ಲೇ ಹೇಳಿರ್ತೀನಿ!"

"ಬರ್ತೀನಿ... ಖಂಡಿತ ಬರ್ತೀನಿ."

ಅವನು ಕೈ ಚಾಚಿದ. "ಆ ಕಂತೆ ಕೊಡಿ, ಭಾರ ಇದೆ. ಪ್ರೆಸ್‌ವರೆಗೆ ನಾನು ತರ್ತೀನಿ."

"ನನಗೇನೂ ಭಾರ ಇಲ್ಲ," ಎಂದಳು. ಎಂದವಳು ಕಂತೆಯನ್ನು ಅವನ ಕೈಗಿಟ್ಟು ಹಿಂದೆಯೇ ಹೊರಟಳು.

"ನಿಧಾನ ನಡೀರಿ ಮತ್ತೆ... ನಾನೂ ಬರ್ತಿದೀನಲ್ಲ!"