ಕಿವಿಗೊಟ್ಟ ಗಸ್ತು

ಬೆಳಿಗ್ಗೆ ಎಂಟಕ್ಕೆ ಹೊರಟು, ಸರೋವರದ ಉತ್ತರದ ತುದಿ ಮುಟ್ಟಿ, ಸಂಜೆ ಆರರೊಳಗೆ ದೋಣಿಕಟ್ಟೆಗೆ ಮರಳಬೇಕು. ಆ ಭಾನುವಾರ ಗಸ್ತುದೋಣಿಗೆ ಬಂದ ಅಪ್ಪಣೆ ಇಷ್ಟೇ. ದೋಣಿಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಣಿಯೂ ಇರುತ್ತಾರೆಂದು ಕಾಗದದಲ್ಲಿತ್ತು. ಅವರು ಕಂಡು ಬರೆದುದರ ಮೇಲೆಯೇ ಗಸ್ತು ಉಳಿಯುವುದೋ ಮುಚ್ಚುವುದೋ ತೀರ್ಮಾನವಾಗುವುದೆಂದು ಇರಲಿಲ್ಲ. ಇಪ್ಪತ್ತಾರು ವರ್ಷ ಆ ನೀರಿನ ಮೇಲೆ ಕಾನೂನು ಕಾಯ್ದ ದಫೇದಾರರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಿಂದಿನ ದಿನ ಗಸ್ತುಕೋಣೆಯಲ್ಲಿ, ತೇವದ ಹಗ್ಗದ ವಾಸನೆಯ ನಡುವೆ, ಅಧಿಕಾರಿಣಿ ಕಡತ ಬಿಚ್ಚಿ ಕೇಳಿದ್ದರು.

"ಎಂಜಿನ್ ಮೀಟರ್ ಪ್ರಕಾರ ದಿನಕ್ಕೆ ನಲವತ್ತು ನಿಮಿಷ ಗಸ್ತು. ಉಳಿದ ಒಂಬತ್ತು ಗಂಟೆ ಏನ್ ಮಾಡ್ತೀರಿ?"

"ಕೇಳ್ತೀವಿ ಮೇಡಂ."

"ಯಾರನ್ನ?"

"ನೀರನ್ನ."

ಅವರು ಏನನ್ನೂ ಬರೆದುಕೊಳ್ಳಲಿಲ್ಲ.

ದಫೇದಾರರು ಹೇಳಿದ್ದು ಹಾಸ್ಯವಾಗಿರಲಿಲ್ಲ. ಮೂರು ವರ್ಷಗಳ ಹಿಂದೆ ಡೀಸೆಲ್ಲಿನ ಪಾಲು ಅರ್ಧಕ್ಕಿಳಿದಾಗ ಹುಟ್ಟಿಕೊಂಡ ಪದ್ಧತಿ ಅದು. ನಡುನೀರಿಗೆ ಹೋಗಿ ಎಂಜಿನ್ ಆರಿಸಿ ಕಿವಿಗೊಟ್ಟು ಕೂರುವುದು. ನೀರಿನ ಮೇಲೆ ಸದ್ದು ಬಲುದೂರ ನಡೆಯುತ್ತದೆ. ಯಾವ ಬಾಡಿಗೆ ಬೋಟು ಕೆಮ್ಮುತ್ತದೆ, ಯಾವುದು ಈಜುವವರ ಸಮೀಪ ಮಿತಿಮೀರಿ ಓಡುತ್ತಿದೆ, ಯಾವುದು ಕತ್ತಲಾಗುವ ಮುನ್ನ ಮರಳಿಲ್ಲ, ಎಲ್ಲವೂ ಅವರಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಅಗತ್ಯ ಬಿದ್ದಾಗ ಮಾತ್ರ ಎಂಜಿನ್. ಆದರೆ ಮೀಟರಿಗೆ ಕಿವಿ ಎಲ್ಲಿದೆ? ಅದು ಎಂಜಿನ್ ಓಡಿದ ಹೊತ್ತನ್ನಷ್ಟೇ ಬಲ್ಲದು.

"ಭಾವ, ಇವತ್ತು ಆರಿಸೋದೇ ಬೇಡ," ಎಂದ ಭಾನುವಾರ ಬೆಳಿಗ್ಗೆ, ಅಧಿಕಾರಿಣಿ ದೋಣಿ ಹತ್ತುವ ಮುನ್ನ, ಚುಕ್ಕಾಣಿ ಹಿಡಿದವನು. ಅವನು ದಫೇದಾರರ ಹೆಂಡತಿಯ ತಮ್ಮ. ಹನ್ನೊಂದು ವರ್ಷದಿಂದ ಅದೇ ದೋಣಿಯ ಚಾಲಕ. "ಮೇಡಂ ಕಣ್ಣಿಗೆ ನಾವು ಓಡ್ತಾನೇ ಇರ್ಬೇಕು."

ದಫೇದಾರರಿಗೆ ಮನಸ್ಸು ಒಪ್ಪಲಿಲ್ಲ. ಆದರೆ ಬಾಯಿ ಒಪ್ಪಿಬಿಟ್ಟಿತು.

ದೋಣಿ ಓಡಿತು. ಹಾಯಿದೋಣಿಗಳು ಬಿಳಿಯ ಯೋಚನೆಗಳಂತೆ ತೇಲುತ್ತಿದ್ದವು. ಬಾಡಿಗೆ ಬೋಟುಗಳಲ್ಲಿ ಬುತ್ತಿ ಬಿಚ್ಚಿದ ಸಂಸಾರಗಳು, ಗಾಳ ಹಾಕಿ ಧ್ಯಾನಕ್ಕೆ ಕೂತ ಮುದುಕರು, ದಡದ ಮೆಟ್ಟಿಲಿಂದ ನೀರಿಗೆ ಧುಮುಕುವ ಹುಡುಗಿಯರು. ಉತ್ತರಕ್ಕೆ ಹೋದಂತೆ ಜನ ವಿರಳವಾಗಿ ಬೆಟ್ಟಗಳು ಹತ್ತಿರವಾದವು. ಅವುಗಳ ನೆರಳು ಬಿದ್ದಲ್ಲಿ ನೀರು ಮರೆತುಹೋದ ಮಾತೊಂದನ್ನು ನೆನೆಯುವಂತೆ ಕಪ್ಪಾಗಿ, ಸುಮ್ಮನಾಗಿ ನಿಂತಿತ್ತು. ಇಂಥ ಮೌನಕ್ಕೆಂದೇ ಅಲ್ಲಿಗೆ ಬರುತ್ತಿದ್ದ ದಫೇದಾರರಿಗೆ, ತಮ್ಮದೇ ಎಂಜಿನ್ನಿನ ಗದ್ದಲ ಆ ದಿನ ಪರಕೀಯರ ಮಾತಿನಂತೆ ಕೇಳಿಸಿತು.

ಮೂರು ಗಂಟೆಗೆ ದಕ್ಷಿಣದಿಂದ ಗಾಳಿ ಎದ್ದಿತು.

ಮೋಡ ಕವಿಯಿತು. ಬೋಟುಗಳು ಒಂದೊಂದಾಗಿ ಬಾಲ ಮುದುರಿ ಕಟ್ಟೆಯ ಕಡೆ ತಿರುಗಿದವು.

"ಎಲ್ಲರೂ ವಾಪಸ್ ಹೊರಟ್ರಾ?" ಅಧಿಕಾರಿಣಿ ಕೇಳಿದರು.

ಬೇರೆ ಯಾವ ಭಾನುವಾರವಾದರೂ ದಫೇದಾರರು ಬೆರಳೆಣಿಸಿ ಹೇಳುತ್ತಿದ್ದರು. ಇಂದು ಬೆಳಗಿನಿಂದ ಏನನ್ನೂ ಕೇಳಿಸಿಕೊಂಡಿರಲಿಲ್ಲ.

"ಆರಿಸು," ಎಂದರು.

"ಭಾವ, ಈ ಗಾಳೀಲಾ? ಮತ್ತೆ ಹೊತ್ಕೊಳ್ದಿದ್ರೆ?"

"ಆರಿಸು ಅಂದೆ."

ಸದ್ದು ನಿಂತಿತು. ದೋಣಿ ಅಲೆಗಳ ಮೇಲೆ ಓಲಾಡಿತು. ದಫೇದಾರರು ಕಣ್ಣು ಮುಚ್ಚಿದರು. ಗಾಳಿ. ಅಲೆ. ಮರಳುವ ಬೋಟುಗಳ ಗೊಣಗು. ಆಮೇಲೆ, ಜೊಂಡು ಬೆಳೆದ ನಡುಗಡ್ಡೆಯ ಹಿಂದೆ, ಒಂದು ಎಂಜಿನ್ ಎರಡುಸಿರು ಆಡಿ ಸತ್ತಿತು. ಮತ್ತೆ ಆಡಿತು. ಮತ್ತೆ ಸತ್ತಿತು.

"ಹಳೇ ನೀಲಿ ಬೋಟು. ಕೆಮ್ಮಿನ ಕೊನೇಲಿ ಒಂದು ಸೀಟಿ ಹಾಕುತ್ತೆ. ನೀರೊಳಗಿನ ಫ್ಯಾನಿಗೆ ಜೊಂಡು ಸುತ್ಕೊಂಡಿದೆ."

"ನನಗೇನೂ ಕೇಳಿಸ್ತಿಲ್ಲ," ಎಂದರು ಅಧಿಕಾರಿಣಿ.

"ನಮ್ಮಕ್ಕನ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಕೇಳಿಸುತ್ತೆ ಮೇಡಂ ಇವರಿಗೆ," ಎನ್ನುತ್ತಲೇ ಚಾಲಕ ಕೀಲಿ ತಿರುಗಿಸಿದ. ಪುಣ್ಯಕ್ಕೆ ಎಂಜಿನ್ ಹೊತ್ತಿಕೊಂಡಿತು.

ನಡುಗಡ್ಡೆಯ ಆಚೆ ಇಕ್ಕಟ್ಟಾದ ಕಾಲುದಾರಿಯಂಥ ನೀರು. ಅದರ ಕೊನೆಗೆ ಬೆಟ್ಟದ ಬುಡದಲ್ಲಿ ಹಲ್ಲು ಕಿರಿದ ಬಂಡೆಗಳು. ಗಾಳಿ ನೀಲಿ ಬೋಟನ್ನು ಆ ಬಾಯಿಗೇ ತಳ್ಳುತ್ತಿತ್ತು.

ಅದರಲ್ಲಿ ನಾಲ್ವರು: ಎಂಜಿನ್ನಿನ ದಾರ ಎಳೆದೆಳೆದು ಸೋತ ಗಂಡಸು, ಪುಟ್ಟ ಮಗಳನ್ನು ಅವುಚಿಕೊಂಡ ಅವನ ಹೆಂಡತಿ, ಮುಂಭಾಗದಲ್ಲಿ ಅವನ ತಾಯಿ. ಲೈಫ್ ಜಾಕೆಟ್ಟುಗಳನ್ನು ಮೆತ್ತೆಯಾಗಿ ಹಾಸಿಕೊಂಡು ಅವುಗಳ ಮೇಲೆ ಕೂತಿದ್ದರು.

"ಕೆಳಗಿರೋದನ್ನ ಹಾಕ್ಕೊಳ್ಳಿ," ದಫೇದಾರರು ಕೂಗಿದರು. "ಮೊದಲು ಮಗುವಿಗೆ."

ಹಗ್ಗ ಎಸೆದರು. ಗಾಳಿ ಕಸಿದುಕೊಂಡಿತು.

ಮತ್ತೆ ಎಸೆದರು. ಗಂಡಸಿನ ಬೆರಳಿಗೆ ತಾಗಿ ಜಾರಿತು.

ಬಂಡೆಗೆ ಇನ್ನು ಹತ್ತು ಮಾರು. ಅಧಿಕಾರಿಣಿ ಹೇಳಿಸಿಕೊಳ್ಳದೆಯೇ ಉದ್ದನೆಯ ಗಳ ಎತ್ತಿಕೊಂಡು ದೋಣಿಯ ಅಂಚಿಗೆ ಮೊಣಕಾಲೂರಿದ್ದರು. ಗಸ್ತುದೋಣಿಯ ಪಕ್ಕೆ ಕಲ್ಲಿಗೆ ಉಜ್ಜುವಷ್ಟರಲ್ಲಿ ಗಳವನ್ನು ಬಂಡೆಗೆ ಕೊಟ್ಟು ಮೈಯ ಭಾರವನ್ನೆಲ್ಲ ಹಾಕಿದರು.

ಮೂರನೆಯ ಸಲ ಹಗ್ಗ ಅಜ್ಜಿಯ ಮಡಿಲಿಗೆ ಬಿತ್ತು.

"ಹಿಡ್ಕೊಂಡೆ ಕಣಪ್ಪಾ," ಎಂದರು ಆಕೆ. "ಎಲ್ಲಿ ಕಟ್ಟಲಿ?"

"ಮುಂದಿನ ಗೂಟಕ್ಕಮ್ಮಾ. ಎರಡು ಸುತ್ತು."

ಹಗ್ಗ ಬಿಗಿಯಿತು. ಎಂಜಿನ್ ನರಳಿತು. ಒಂದು ಗಳಿಗೆ ಎರಡು ದೋಣಿಗಳೂ ಇದ್ದಲ್ಲೇ ನಿಂತವು. ಮತ್ತೆ ಒಂದು ಗೇಣು. ಮತ್ತೆ ಒಂದು ಮಾರು. ನೀಲಿ ಬೋಟು ಬಂಡೆಗಳ ಬಾಯಿಂದ ಈಚೆ ಬಂತು.

ಮಳೆ ಸುರಿದು ಗಾಳಿ ಅಡಗಿತು. ಇನ್ನೇನು, ಕಟ್ಟೆಯ ಕೆಂಪು ಛಾವಣಿ ಕಾಣುವಷ್ಟು ದೂರ ಬಂದಾಗ ಎಂಜಿನ್ ಬಿಕ್ಕಿ ನಿಂತಿತು. ಡೀಸೆಲ್ ಬರಿದಾಗಿತ್ತು. ಚಾಲಕ ತಲೆ ತಗ್ಗಿಸಿದ.

ದಫೇದಾರರು ಹುಟ್ಟುಗಳನ್ನು ಹೊರತೆಗೆದರು. "ಮೇಡಂ, ಒಂದು ಮಾತು. ನಾವು ಯಾವತ್ತೂ ಹೀಗೆ ದಿನವಿಡೀ ಓಡಿಸಲ್ಲ. ಇವತ್ತು ನಿಮಗೆ ತೋರಿಸೋಕೆ ಸುಟ್ಟಿದ್ದು. ಅದರ ಗದ್ದಲದಲ್ಲಿ ಇವರ ಸದ್ದು ತಪ್ಪಿಹೋಗ್ತಿತ್ತು."

"ಉಪಾಯ ನಂದು ಮೇಡಂ," ಎಂದ ಚಾಲಕ.

"ಒಪ್ಪಿದ್ದು ನಾನು. ಬರ್ಕೊಳ್ಳೋದಾದ್ರೆ ನನ್ನ ಹೆಸರು ಬರ್ಕೊಳ್ಳಿ."

ಅಧಿಕಾರಿಣಿ ಒಂದು ಹುಟ್ಟನ್ನು ತಮ್ಮತ್ತ ಎಳೆದುಕೊಂಡರು. "ಜಗಳ ಆಮೇಲೆ. ಒಟ್ಟಿಗೆ ಹುಟ್ಟು ಹಾಕೋಣ, ದೋಣಿ ಸುತ್ತು ಹೊಡೀತಿದೆ."

ಸರದಿಯ ಮೇಲೆ ಹುಟ್ಟು ಹಾಕಿದರು. ನೀಲಿ ಬೋಟಿನ ಗಂಡಸೂ ದಾಟಿ ಬಂದು ಕೈ ಸೇರಿಸಿದ. ಮಗು ಗಸ್ತಿನ ಕಂಬಳಿಯಲ್ಲಿ ನಿದ್ದೆಹೋಯಿತು. ನಡುವೆ ಅಧಿಕಾರಿಣಿ, ಏದುಸಿರಿನಲ್ಲೇ, ಕಿವಿಗಸ್ತಿನ ವಿಚಾರ ಒಂದೊಂದಾಗಿ ಕೇಳಿದರು: ಎಷ್ಟು ದೂರ ಕೇಳಿಸುತ್ತದೆ, ವರ್ಷಕ್ಕೆ ಎಷ್ಟು ಬೋಟು ಎಳೆದು ತರುತ್ತೀರಿ, ಅದನ್ನೆಲ್ಲಿ ಬರೆದಿಟ್ಟಿದ್ದೀರಿ.

"ಬರೆಯೋದೇನಿದೆ ಮೇಡಂ? ದಂಡ ಹಾಕಿದ್ರೆ ಬರೀತೀವಿ. ಎಳ್ಕೊಂಡು ಬಂದಿದ್ದಕ್ಕೆ ಕೇಸಿಲ್ಲವಲ್ಲ."

"ಅಲ್ಲೇ ನೀವು ಎಡವಿದ್ದು," ಎಂದರು ಅವರು. ಸ್ವಲ್ಪ ಹೊತ್ತು ಹುಟ್ಟು ಹಾಕಿ ಮತ್ತೆ ಹೇಳಿದರು: "ನೀವು ಕೇಳಿರೋ ಎರಡನೇ ದೋಣಿ ಕೊಡಿಸೋದು ನನ್ನ ಕೈಲಿಲ್ಲ. ಗಸ್ತು ಮುಚ್ಚಬಾರದು, ಡೀಸೆಲ್ ಮೊದಲಿನಷ್ಟೇ ಕೊಡಬೇಕು ಅಂತ ಬರೀತೀನಿ. ನಾನು ಬರೆದದ್ದನ್ನ ಮೇಲಿನವರು ತಳ್ಳಿಹಾಕೋದು ಕಡಿಮೆ."

ದಫೇದಾರರ ಹುಟ್ಟು ಕೊಂಚ ಹಗುರವಾಗಿ ನೀರಿಗಿಳಿಯಿತು.

ಕಟ್ಟೆ ಮುಟ್ಟಿದಾಗ ಏಳಾಗುತ್ತಿತ್ತು. ಪಶ್ಚಿಮದಲ್ಲಿ ಬೆಳಕು ಇನ್ನೂ ಹೋಗಲೊಲ್ಲೆನೆಂದು ನಿಂತಿತ್ತು. ಗಂಡಸು ಕೈಮುಗಿದ. ದಫೇದಾರರು ನೋಟೀಸಿನ ಪುಸ್ತಕ ತೆಗೆದರು.

"ಉಳಿಸಿದೋರೇ ದಂಡ ಹಾಕ್ತೀರಾ ಸಾರ್?"

"ಜಾಕೆಟ್ ಇರೋದು ಕೂರೋಕಲ್ಲ."

"ಸುಮ್ನೆ ಕಟ್ಟೋ," ಎಂದರು ಅಜ್ಜಿ ಮಗನಿಗೆ. "ನಾನು ಹೇಳಿದ್ರೆ ಕೇಳ್ತಿರಲಿಲ್ಲ, ಈಗ ಕೇಳು."

ದಫೇದಾರರು ಪೆನ್ನು ಹಿಡಿಯಹೋದರು. ಬೊಬ್ಬೆಯೆದ್ದ ಬೆರಳುಗಳು ಬಗ್ಗಲಿಲ್ಲ.

"ಕೊಡಿ ಇಲ್ಲಿ," ಎಂದರು ಅಧಿಕಾರಿಣಿ. ಅವರ ಅಂಗೈಯೂ ಕೆಂಪಗೆ ಸುಲಿದಿತ್ತು. ಆದರೂ ಬರೆದರು: ದಿನಾಂಕ, ಹೊತ್ತು, ಬೋಟಿನ ಬಣ್ಣ, ತಪ್ಪು. ಪುಟದ ಕೆಳಗೆ ಇನ್ನೇನಕ್ಕೂ ಜಾಗವಿರಲಿಲ್ಲ. ಅವರು ಪುಸ್ತಕವನ್ನು ಅಡ್ಡ ತಿರುಗಿಸಿ, ಅಂಚಿನಲ್ಲಿ, ದುಂಡಗಿನ ಅಕ್ಷರದಲ್ಲಿ ಒಂದು ಸಾಲು ಸೇರಿಸಿದರು:

ನಾಲ್ವರೂ ಮನೆಗೆ ಹೋದರು.