ನಗಿಸಬಲ್ಲವನ ಖಾಲಿ ಮಂಚ

ಬಾಗಿಲು ತೆರೆದೇ ಇತ್ತು. ಒಳಕೋಣೆಯಲ್ಲಿ ಅವನು ಯಾರಿಗೋ ಮೆಲ್ಲಗೆ ಹೇಳುತ್ತಿದ್ದ: "ಅದಕ್ಕೆ ಕಂಡಕ್ಟರ್ ಏನಂದ ಗೊತ್ತಾ?"

ಪತ್ರಿಕೆಯಲ್ಲಿ ಪ್ರೂಫ್ ತಿದ್ದುವವಳು ಹೊಸ್ತಿಲಲ್ಲೇ ನಿಂತಳು. ಹೆಂಡತಿ ತೀರಿಕೊಂಡು ವರ್ಷವಾಗಿದೆಯಷ್ಟೆ, ಆಗಲೇ ಇನ್ನೊಬ್ಬಳೇ? ಇಣುಕಿದಳು. ಸುಕ್ಕಿಲ್ಲದೆ ಹಾಸಿದ ಖಾಲಿ ಮಂಚ, ಪಕ್ಕದ ಕುರ್ಚಿಯಲ್ಲಿ ಅವನೊಬ್ಬನೇ.

ಊರನ್ನೆಲ್ಲ ನಗಿಸುತ್ತಿದ್ದ ಅಂಕಣಕಾರ ಅವನು. ಬಸ್ಸಿನ ನೂಕುನುಗ್ಗಲು, ಮೂಗು ತೂರಿಸುವ ಮನೆ ಓನರು, ನಡುವೆ ನಿಲ್ಲುವ ಲಿಫ್ಟು, ಯಾವುದನ್ನೂ ಬಿಟ್ಟವನಲ್ಲ. ಈಗ ವರ್ಷದಿಂದ ಒಂದಕ್ಷರ ಬರೆದಿರಲಿಲ್ಲ. "ಈ ವಾರವೂ ಬರೀಲಿಲ್ಲ ಅಂದ್ರೆ ಅಂಕಣ ನಿಲ್ಲಿಸ್ತೀನಿ, ಹೇಳಿ ಬಾ" ಎಂದು ಸಂಪಾದಕರು ಅವಳನ್ನು ಅಟ್ಟಿದ್ದರು.

ಅವಳು ಒಳಗೆ ಹೋಗಿ ಅದನ್ನು ಹೇಳಿದಳು. "ಕಾಯಿಲೆ ಬಿದ್ದು ಒಂಬತ್ತು ವರ್ಷ ನನ್ನ ಹೆಂಡತಿ ಈ ಮಂಚ ಬಿಟ್ಟು ಇಳೀಲಿಲ್ಲ," ಎಂದ ಅವನು. "ದಿನಾ ಊರು ಸುತ್ತಿ ಬಂದು ಹೇಳ್ತಿದ್ದೆ. ಅವಳು ನಕ್ಕಿದ್ದನ್ನ ಮಾತ್ರ ಬರೀತಿದ್ದೆ. ಈಗಲೂ ಹೇಳ್ತೀನಿ. ನಗೋರೇ ಇಲ್ಲ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನಮ್ಮ ಪ್ರೂಫ್ ರೂಮಿಗೆ ಒಂದು ಕಿಟಕೀನೂ ಇಲ್ಲ. ಈ ಊರನ್ನ ನಾನು ನೋಡಿದ್ದೇ ನಿಮ್ಮ ಬರಹದಲ್ಲಿ. ಒಂದೊಂದನ್ನೂ ಮೂರು ಮೂರು ಸಲ ಓದ್ತಿದ್ದೆ."

"ಅಷ್ಟೊಂದು ತಪ್ಪಿರ್ತಿತ್ತಾ?"

"ತಪ್ಪು ನಿಮ್ಮದಲ್ಲ," ಎಂದಳು. "ನನ್ನದು."

ಅವನು ತಲೆಯೆತ್ತಿ ನೋಡಿದ. ಆ ನೋಟ ತಾಳಲಾರದೆ ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದುಬಿಟ್ಟಳು.

ಎರಡು ದಿನ ಕಳೆದು, ಮಧ್ಯಾಹ್ನ, ಅವನು ಪ್ರೂಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಕುಳಿತವನೇ ಶುರುಮಾಡಿದ. "ನಮ್ಮ ಬೀದೀಲಿ ಇಬ್ಬರು ಪಾರ್ಕಿಂಗ್ ಜಾಗಕ್ಕೆ ಕೈ ಕೈ ಮಿಲಾಯಿಸಿದ್ರು. ಅರ್ಧ ಗಂಟೆ ಆದ್ಮೇಲೆ ಗೊತ್ತಾಯ್ತು, ಇಬ್ಬರ ಹತ್ರಾನೂ ಕಾರಿಲ್ಲ! 'ಮುಂದೆ ತಗೋತೀವಲ್ಲ' ಅಂತಾರೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿಗೆ ಹೊಡೆದಾಟ!"

ಅವಳು ಬಿದ್ದು ಬಿದ್ದು ನಕ್ಕಳು. ಅವನ ಮುಖ ಅರಳಿತು. "ಚೆನ್ನಾಗಿದೆ ಅಲ್ವೇನೇ, ಗುಬ್ಬೀ?"

ಅಂಕಣದಲ್ಲೂ ಹೆಂಡತಿಯನ್ನು ಅವನು ಕರೆಯುತ್ತಿದ್ದ ಹೆಸರದು. ಮೂರನೆಯವರ ಉಸಿರು ಹಿಂದೆಲ್ಲೋ ಸುಳಿದಂತಾಗಿ ಅವಳ ಕುತ್ತಿಗೆ ತಣ್ಣಗಾಯಿತು. ಅವನು ಬಿಳಿಚಿಕೊಂಡು ಎದ್ದ. "ಕ್ಷಮಿಸಿ. ನಾನು ಬರಬಾರದಿತ್ತು."

ಅವಳು ಅವನ ತೋಳು ಹಿಡಿದಳು.

"ಅವರಿಗೂ ಕೇಳಿಸಿರುತ್ತೆ. ಕೇಳಿಸಿಕೊಳ್ಳಲಿ ಬಿಡಿ. ಕೂತ್ಕೊಂಡು ಪೂರ್ತಿ ಹೇಳಿ, ಜಗಳ ಬಿಡಿಸಿದ್ದು ಯಾರು?"

ಅವನು ಕಣ್ಣೊರೆಸಿಕೊಂಡು ಕುಳಿತ. "ಬಿಡಿಸೋಕೆ ಹೋದವನು ನಾನೇ," ಎಂದ. "ಅವರಿಬ್ಬರೂ ಒಂದಾಗಿ ನನ್ನ ಮೇಲೆ ಬಿದ್ರು."