ಉಪ್ಪಿಲ್ಲದ ಬುತ್ತಿ

ಮಾಘ ಮಾಸ ಅರ್ಧ ಕಳೆದಿತ್ತು. ತಿರ್ಲಾಪುರದ ಎರೆಹೊಲಗಳಲ್ಲಿ ಜಯಧರ ಹತ್ತಿ ಒಡೆದು ನಿಂತಿತ್ತು. ಇಬ್ಬನಿ ಆರುವ ಮುಂಚೆಯೇ ಬಿಡಿಸಬೇಕು. ಬಿಸಿಲೇರಿದರೆ ಒಣಗಿದ ಎಲೆ ಪುಡಿಯಾಗಿ ಹತ್ತಿಗೆ ಅಂಟಿಕೊಳ್ಳುತ್ತದೆ. ಗುರವ್ವ ಸೆರಗನ್ನು ಉಡಿ ಕಟ್ಟಿಕೊಂಡು, ಎರಡೂ ಕೈಯಿಂದ ಬಿಡಿಸುತ್ತ, ತನ್ನ ಸಾಲು ಹಿಡಿದು ಬದುವಿನ ಕಡೆಗೆ ಸಾಗಿದ್ದಳು.

ಆ ಬದುವಿನ ಹತ್ತಿರದ ಸಾಲುಗಳನ್ನು ಕೂಲಿಯ ಹೆಂಗಸರು ಹಿಡಿಯುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಅಲ್ಲಿ ನೆತ್ತರು ಬಿದ್ದಿತ್ತು. ಬದು ಒತ್ತಿದ ಜಗಳದಲ್ಲಿ ಗುರವ್ವನ ಅಣ್ಣ ಮಡಿವಾಳೆಪ್ಪನ ಎಡಗೈಯ ಎರಡು ಬೆರಳು ಆಚೆ ಹೊಲದ ಹೊಳೆಪ್ಪನ ಕೊಡಲಿಗೆ ಹೋದವು. ಅದೇ ಜಗಳದಲ್ಲಿ ಹೊಳೆಪ್ಪ ನಿಂತಲ್ಲೇ ಬಿದ್ದು ಸತ್ತ. ಕೊಂದನೆಂದು ಮಡಿವಾಳೆಪ್ಪ ಜೈಲಿಗೆ ಹೋದ.

ಹೊಳೆಪ್ಪನ ಮಗ ಈರಬಸಪ್ಪ ತಂದೆಯ ಗೋರಿಯ ಮಣ್ಣಿನ ಮೇಲೆ ಕೈಯಿಟ್ಟು ಎರಡು ಆಣೆ ಮಾಡಿದ್ದ. ನೆತ್ತರಿನ ಸಾಲವನ್ನು ನೆತ್ತರಿನಿಂದಲೇ ತೀರಿಸುತ್ತೇನೆ. ಆ ಮನೆಯ ಉಪ್ಪನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ.

"ಗುರವ್ವ."

ತಲೆ ಎತ್ತಿದಳು. ಬದುವಿನ ಮೇಲೆ ಅವನೇ ನಿಂತಿದ್ದ. ಹೆಗಲ ಮೇಲೆ ಕೊಡಲಿ. ಕಣ್ಣು ಕೆಂಡ.

"ಯುಗಾದಿಗೆ ನಿಮ್ಮಣ್ಣನ್ನ ಬಿಡ್ತಾರಂತ. ಊರಿಗಿ ಬರಬ್ಯಾಡ ಅಂತ ಹೇಳಿ ಕಳಸು. ಬಂದ್ನಂದ್ರ ಇದ ಬದುವಿನ ಮ್ಯಾಲ ಕಡೀತೀನಿ."

ಗುರವ್ವನ ಕೈ ನಿಲ್ಲಲಿಲ್ಲ. "ಅವ ಬರೂದು ಅವನ ಮನಿಗಿ. ನಿನ್ನ ಪರವಾನಗಿ ಬೇಕೇನ?"

"ನಾ ಸುಮ್ಮ ಹೇಳಾಕತ್ತಿಲ್ಲ..."

ಅವನು ಕೊಡಲಿ ಬೀಸಿ ಬದುವಿನ ಜಾಲಿ ಮರಕ್ಕೆ ಹೊಡೆದ. ಅಲಗು ಅರ್ಧ ಒಳಗೆ ಹೋಯಿತು. ಕೀಳಲು ಬಾಗಿದವನ ಮೂಗಿನಿಂದ ನೆತ್ತರು ಇಳಿಯತೊಡಗಿತು.

"ಕಡಿಯೂದು ಆಮ್ಯಾಲ. ಮೊದ್ಲ ನಿನ್ನ ಮೂಗು ನೋಡ್ಕೋ."

ಅವನು ಅಂಗೈಯಿಂದ ಒರೆಸಿಕೊಂಡ. ನಿಲ್ಲಲಿಲ್ಲ. ಮೀಸೆ ತೋಯಿತು, ಅಂಗಿ ತೋಯಿತು. ತಲೆ ಹಿಡಿದುಕೊಂಡು ಕುಸಿದು ಕೂತ.

ಸಾಯಲಿ... ಇವನು ಸತ್ತರೆ ಅಣ್ಣ ಬದುಕುತ್ತಾನೆ... ಒಂದು ಗಳಿಗೆ ಅವಳ ಮನಸ್ಸು ಹಾಗೆಯೇ ಅಂದಿತು. ಮರುಗಳಿಗೆ ಉಡಿಯ ಹತ್ತಿಯನ್ನು ಹಿಡಿಯಾಗಿ ತೆಗೆದು ಅವನ ಮೂಗನ್ನು ಒತ್ತಿ ಹಿಡಿದಿದ್ದಳು. ಬಿಳಿ ಹತ್ತಿ ಕೆಂಪಾಯಿತು. ಅವನ ಕೊರಳ ನರ ಸಿಡಿಯುವಂತೆ ಬಡಿದುಕೊಳ್ಳುತ್ತಿತ್ತು. ಮೂರು ವರ್ಷ ಕೊಲೆಗಾರನದೆಂದೇ ನೆನೆದಿದ್ದ ಆ ಕೊರಳು ಇಷ್ಟು ಹತ್ತಿರದಿಂದ ಹೆದರಿದ ಪ್ರಾಣಿಯ ಕೊರಳಿನಂತೆ ಕಂಡಿತು.

ಕೂಲಿ ಹೆಂಗಸರನ್ನು ಕೂಗಿ ಕರೆದು, ಅವನನ್ನು ಹತ್ತಿಯ ಚಕ್ಕಡಿಗೆ ಏರಿಸಿ, ಮೊರಬದ ಹಾದಿ ಹಿಡಿದಳು.

ಮೊರಬದ ಡಾಕ್ಟರ್ ಜಹೀರುದ್ದೀನ ಅವನ ತೋಳಿಗೆ ಪಟ್ಟಿ ಸುತ್ತಿ, ಪಾದರಸದ ಗೆರೆಯನ್ನು ಎರಡು ಸಲ ನೋಡಿದರು.

"ಇನ್ನೂರಾ ಹತ್ತು. ವಯಸ್ಸೆಷ್ಟು?"

"ಇಪ್ಪತ್ತೇಳ್ರಿ."

"ನಿಮ್ಮಪ್ಪ ಅದಾನೇನು?"

"ಇಕಿ ಅಣ್ಣ ಬಡದ ಕೊಂದ್ನರಿ."

"ಬಡಿಗಿ ಬಿದ್ದದ್ದು ಹೆಗಲಿಗೆ," ಬಾಗಿಲಲ್ಲಿ ನಿಂತಿದ್ದ ಗುರವ್ವ ಅಂದಳು. "ಏಟು ಬಿದ್ದ ಮ್ಯಾಲೂ ನಿಂತು ಬೈಯಾಕತ್ತಿದ್ದ. ಬೈತಾ ಬೈತಾ ತಲಿ ಹಿಡ್ಕೊಂಡ. ಬಾಯಿ ಒಂದ್ ಕಡಿ ಸೊಟ್ಟಾತು. ಆಮ್ಯಾಲ ಬಿದ್ದ. ನಾ ಅಲ್ಲೇ ಇದ್ದೆ. ಮೂರು ವರ್ಷಾತು, ನನ್ನ ಮಾತು ಯಾರೂ ಕಿವಿಗಿ ಹಾಕ್ಕೊಂಡಿಲ್ಲ."

ಡಾಕ್ಟರು ಅವನ ತೋಳಿನ ಪಟ್ಟಿ ಬಿಚ್ಚಿದರು.

"ನಾ ಅವನ್ನ ನೋಡಿಲ್ಲ, ಖಾತ್ರಿ ಹೇಳಾಕ ಬರಂಗಿಲ್ಲ. ಆದ್ರ ಈ ಬ್ಯಾನಿ ಮನಿತನದಾಗ ಇಳೀತೈತಿ. ರಕ್ತದ ಒತ್ತಡ ಏರಿ ತಲ್ಯಾಗ ನರ ಒಡದ್ರ ಹಂಗ ಬೀಳ್ತಾರ. ಹಿಂಗ ಇದ್ರ ನೀನೂ ಬೀಳಾಂವ."

"ಹೋಗೂದಿಲ್ಲೇನ್ರಿ ಇದು?"

"ಹೋಗೂ ಬ್ಯಾನಿ ಅಲ್ಲ ಇದು, ಜೋಡಿ ಸಂಸಾರ ಮಾಡೂ ಬ್ಯಾನಿ. ದಿನಾ ಗುಳಗಿ, ಒಂದಿನಾನೂ ತಪ್ಪಸಬ್ಯಾಡ. ಉಪ್ಪು ಬಂದ್. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ ಎಲ್ಲಾ ಬಂದ್. ತಂಬಾಕ, ಶೆರೆ ಬಂದ್. ಕಾಯಿಪಲ್ಯ, ತಪ್ಪಲಾ ಜಾಸ್ತಿ ತಿನ್ನು. ನಸುಕಿನ್ಯಾಗ ಎರಡು ಮೈಲ ನಡಿ. ಹೊತ್ತಿಗೆ ಸರಿಯಾಗಿ ಮಲಕೋ. ಇನ್ನ ಸಿಟ್ಟು..." ಅವರು ಅವನ ಅಂಗಿಯ ಮೇಲಿನ ನೆತ್ತರು ನೋಡಿದರು. "ಸಿಟ್ಟಿಗೆ ನನ್ನ ಹಂತ್ಯಾಕ ಗುಳಗಿ ಇಲ್ಲೋ ತಮ್ಮಾ."

ಈರಬಸಪ್ಪನ ತಾಯಿ ರೇವವ್ವ ಇದನ್ನೆಲ್ಲ ಕೇಳಿ ನಗಲೂ ಇಲ್ಲ, ಅಳಲೂ ಇಲ್ಲ. ಗಂಡನ ರುಮಾಲು ಗೂಟದ ಮೇಲಿತ್ತು; ಅದರ ಕೆಳಗಿನ ಕೊಡಲಿ ಮಾತ್ರ ಇನ್ನೂ ಬದುವಿನ ಜಾಲಿ ಮರದಲ್ಲೇ ಇತ್ತು. ಮೂರು ವರ್ಷದಿಂದ ಆಕೆ ಬೆಳಿಗ್ಗೆ ಎದ್ದು ಮೊದಲು ನೋಡುತ್ತ ಬಂದದ್ದು ಅವೆರಡನ್ನೇ.

"ಉಪ್ಪು ಖಾರ ತಿಂದ ಮೈಗೇ ರೋಷ," ಎಂದು ಮಗನ ತಾಟಿಗೆ ಮಾವಿನ ಉಪ್ಪಿನಕಾಯಿಯ ಎರಡು ಹೋಳು ಹಾಕಿದಳು. "ಸಪ್ಪನ ಬ್ಯಾಳಿ ಉಂಡು ಮಲಗಿದ್ರ ನಿಮ್ಮಪ್ಪನ ಸಾಲ ಯಾರು ತೀರಸ್ತಾರ?"

ಅವನು ಗುಳಿಗೆ ನುಂಗಿದ. ತಾಯಿ ಬಡಿಸಿದ್ದನ್ನೂ ಉಂಡ. ಎಂಟು ದಿನಕ್ಕೆ ಬದುವಿನ ಮೇಲೆ ಮತ್ತೆ ಮೂಗು ಸುರಿಯಿತು.

ಆಚೆಯಿಂದ ಗುರವ್ವ ನೋಡಿದಳು. ಎದ್ದು ಬಂದು ತನ್ನ ಬುತ್ತಿ ಬಿಚ್ಚಿ ಬದುವಿನ ಮೇಲಿಟ್ಟಳು. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಹೊಲದಲ್ಲೇ ಕಿತ್ತ ಹಕ್ಕರಕಿ ಸೊಪ್ಪು, ಮೊಸರು.

"ನಿಮ್ಮ ಮನಿ ಉಪ್ಪು ನಾ ಮುಟ್ಟಂಗಿಲ್ಲ."

"ಉಪ್ಪು ಇಲ್ಲ ಇದರಾಗ. ಡಾಕ್ಟರ್ ಹೇಳಿದ್ದ ದಿನದಿಂದ ಹಾಕಿಲ್ಲ. ನಿನ್ನ ಆಣಿಗೆ ಏನೂ ಧಕ್ಕಿ ಇಲ್ಲ, ಉಣ್ಣು."

ಈರಬಸಪ್ಪ ಅವಳ ಮುಖ ನೋಡಿದ. ಆಣೆಯಲ್ಲಿ ಇಂಥದೊಂದು ಕಿಂಡಿ ಇರುವುದು ಅವನಿಗೆ ಹೊಳೆದಿರಲೇ ಇಲ್ಲ. ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟ.

"ಇದನ್ನ ಎಮ್ಮಿ ಮುಂದ ಇಟ್ರೂ ಮೂಸಂಗಿಲ್ಲ."

"ಎಮ್ಮಿಗೆ ತಲಿ ಸಿಡಿಯೂದಿಲ್ಲ. ನಿನಗ ಸಿಡೀತೈತಿ. ಮುಚ್ಕೊಂಡು ತಿನ್ನು."

ಅವನು ನಕ್ಕ. ಆ ಮುಖಕ್ಕೆ ನಗು ಬರುತ್ತದೆಂದು ಗುರವ್ವನಿಗೆ ಗೊತ್ತಿರಲಿಲ್ಲ.

ಅಂದಿನಿಂದ ಹೊಲದ ಊಟ ಅದೇ ಆಯಿತು. ಅವನು ತನ್ನ ನೆಲದಲ್ಲಿ, ಅವಳು ತನ್ನ ನೆಲದಲ್ಲಿ, ನಡುವೆ ಬದು. ಹುಣಸೆ, ಬೆಳ್ಳುಳ್ಳಿ, ಜೀರಿಗೆ ಹೆಚ್ಚು ಕಡಿಮೆ ಮಾಡಿ ಸಪ್ಪೆಗೆ ರುಚಿ ಕಟ್ಟುವುದನ್ನು ಅವಳು ಕಲಿತಳು. ಅವನು ತಂಬಾಕಿನ ಚಂಚಿಯನ್ನು ಹಳ್ಳಕ್ಕೆ ಎಸೆದ. ನಸುಕಿನಲ್ಲಿ ಎದ್ದು ನಡೆದ. ಮನೆಯಲ್ಲಿ ಹಸಿವಿಲ್ಲವೆಂದು ತಾಟು ಸರಿಸಿದ. ಮೂರು ವಾರಕ್ಕೆ ಮೊರಬಕ್ಕೆ ಹೋಗಿ ಬಂದವನು ದೂರದಿಂದಲೇ ಕೂಗಿದ.

"ನೂರಾ ಅರವತ್ತಕ್ಕ ಇಳದೈತಿ."

ಗುರವ್ವನ ಎದೆ ಯಾಕೆ ಹಾಗೆ ಹಾರಿತು... ಇವನ ತಲೆ ತಣ್ಣಗಾದರೆ ಅಣ್ಣ ಉಳಿಯುತ್ತಾನೆ ಎಂದಲ್ಲವೇ ತಾನು ಶುರು ಮಾಡಿದ್ದು?

ಮಗ ಮನೆಯಲ್ಲಿ ಯಾಕೆ ಉಣ್ಣುತ್ತಿಲ್ಲವೆಂದು ನೋಡಲು ರೇವವ್ವ ಒಂದು ಮಧ್ಯಾಹ್ನ ಹೊಲಕ್ಕೆ ಬಂದಳು. ಬಂದವಳೇ ಬುತ್ತಿಯನ್ನು ಕಾಲಿನಿಂದ ಒದ್ದಳು. ಮೊಸರಿನ ಗಡಿಗೆ ಒಡೆಯಿತು. ಗುರವ್ವನ ತುರುಬಿಗೆ ಕೈ ಹಾಕಿ, ಬದುವಿನ ಮೇಲೆ ಮಂಡಿ ತರಚುವಂತೆ ಎಳೆದಳು. ಕೈಗೆ ಸಿಕ್ಕ ಹತ್ತಿಕಟ್ಟಿಗೆಯಿಂದ ಬೆನ್ನ ಮೇಲೆ ಬಾರಿಸಿದಳು. ಕುಪ್ಪಸ ಹರಿಯಿತು.

"ಅಣ್ಣ ನನ್ನ ಗಂಡನ್ನ ತಿಂದ. ತಂಗಿ ನನ್ನ ಮಗನ ರೋಷ ತಿನ್ನಾಕತ್ತಾಳ. ಕೇಳೋ ಇಕಿನ್ನ, ಯಾಕ ನಿನಗ ಸಪ್ಪನ ಕೂಳು ಹಾಕ್ತಾಳಂತ."

ಈರಬಸಪ್ಪ ತಾಯಿಯ ಕೈ ಬಿಡಿಸಿದ. ಆದರೆ ಆ ಮಾತು ಅವನ ತಲೆಗೆ ಏರಿಬಿಟ್ಟಿತ್ತು.

"ಹೌದೇನ? ನಿಮ್ಮಣ್ಣನ್ನ ಉಳಸಾಕ ಮಾಡಿದ್ಯೇನ?"

ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಗುರವ್ವ ತರಚಿದ ಮಂಡಿಯ ನೆತ್ತರು ಒರೆಸಿಕೊಂಡಳು.

"ಹೌದು. ಮೊದ್ಲ ಅದ ಇತ್ತು ಮನಸಿನ್ಯಾಗ. ಆದ್ರ ಈಗ..."

"ಸಾಕು."

ಅವನು ಜಾಲಿ ಮರದಿಂದ ಕೊಡಲಿ ಕಿತ್ತುಕೊಂಡು ಹೊರಟ. ಹಿಂದಿರುಗಿ ನೋಡಲಿಲ್ಲ. ಆ ದಿನದಿಂದ ಗುಳಿಗೆ ಬಿಟ್ಟ. ತಾಯಿ ಹಾಕಿದ ಉಪ್ಪಿನಕಾಯಿಯ ರಸವನ್ನೂ ಬಿಡದೆ ನೆಕ್ಕಿದ.

ಗುರವ್ವ ಮಾತ್ರ ದಿನವೂ ಎರಡು ಪಾಲು ಬುತ್ತಿ ಕಟ್ಟಿದಳು. ಒಂದು ಪಾಲು ದಿನವೂ ಕಾಗೆಗಳಿಗೆ ಹೋಯಿತು.

ಯುಗಾದಿಗೆ ಇನ್ನೆರಡು ದಿನವಿತ್ತು. ಹಿಂದಿನ ಸಂಜೆ ಬಸ್ಸಿನಿಂದ ಇಳಿದಿದ್ದ ಮಡಿವಾಳೆಪ್ಪ ಬೆಳಿಗ್ಗೆಯೇ ತಂಗಿಯ ಜೊತೆ ಹೊಲಕ್ಕೆ ಬಂದ. ಸುದ್ದಿ ಅವನಿಗಿಂತ ಮುಂಚೆ ಮುಟ್ಟಿತ್ತು. ಈರಬಸಪ್ಪ ಬದುವಿನ ಮೇಲೆ ಕೊಡಲಿ ಹಿಡಿದು ನಿಂತಿದ್ದ. ಹಿಂದೆ ರೇವವ್ವ, ಎದೆಗೆ ಅವಚಿದ ರುಮಾಲು.

"ಈರಬಸಪ್ಪಾ, ನಾ ಜಗಳಕ್ಕ ಬಂದಿಲ್ಲ," ಮಡಿವಾಳೆಪ್ಪ ಅಂದ. ಕೈಯಲ್ಲಿ ಎತ್ತು ಹೊಡೆಯುವ ಬಡಿಗೆಯಷ್ಟೇ ಇತ್ತು.

"ನಾ ಬಂದೀನಿ."

ಗುರವ್ವ ನಡುವೆ ಓಡಿದಳು. ಈರಬಸಪ್ಪ ಅವಳನ್ನು ನೂಕಿದ. ಹತ್ತಿಗಿಡಗಳ ಮೇಲೆ ಬಿದ್ದಳು.

ಮೊದಲ ಏಟಿಗೆ ಬಡಿಗೆ ಸೀಳಿತು. ಎರಡನೆಯ ಏಟು ಮಡಿವಾಳೆಪ್ಪನ ತೋಳನ್ನು ಸವರಿಕೊಂಡು ಹೋಯಿತು. ನೆತ್ತರು ಚಿಮ್ಮಿ ಒಡೆದ ಹತ್ತಿಯ ಮೇಲೆ ಬಿತ್ತು. ಅವನು ಮುಗ್ಗರಿಸಿ ಮಂಡಿಯೂರಿದ. ಈಗ ಅವನ ಕುತ್ತಿಗೆಗೂ ಕೊಡಲಿಗೂ ನಡುವೆ ಏನೂ ಇರಲಿಲ್ಲ.

ಕೊಡಲಿ ಮೇಲೆದ್ದಿತು. ಮೇಲೆಯೇ ನಿಂತಿತು.

ಈರಬಸಪ್ಪನ ಎಡಗೈ ಸಡಿಲಾಯಿತು. ಕೊಡಲಿ ಬೆನ್ನ ಹಿಂದೆ ಮಣ್ಣಿಗೆ ಬಿತ್ತು. ಅವನು ಬಲಗೈಯಿಂದ ತಲೆ ಹಿಡಿದುಕೊಂಡ. ಏನೋ ಅನ್ನಲು ಹೋದ. ಬಾಯಿ ಒಂದು ಕಡೆಗೆ ಜಗ್ಗಿತು. ಬದುವಿನ ಮೇಲೆ ಉದ್ದಕ್ಕೆ ಬಿದ್ದ.

ರೇವವ್ವ ಓಡಿ ಬಂದು ಮಗನ ಪಕ್ಕ ಕೂತಳು.

"ಯಾರೂ ಹೊಡೀಲಿಲ್ಲಲ್ಲ..." ರೇವವ್ವನ ದನಿ ಅವಳದೇ ಅನಿಸಲಿಲ್ಲ. "ನನ್ನ ಮಗನ್ನ ಯಾರೂ ಮುಟ್ಟಲಿಲ್ಲಲ್ಲ..."

ಗುರವ್ವ ಎದ್ದು ಬಂದಳು. ಜಗಳಕ್ಕೆ ಮುಂಚಿನ ದಿನಗಳಲ್ಲಿ ಕರೆಯುತ್ತಿದ್ದಂತೆಯೇ ಕರೆದಳು.

"ಹೊಳೆಪ್ಪ ಮಾವನೂ ಹಿಂಗ ಬಿದ್ದ, ಅತ್ತಿ."

ರೇವವ್ವನ ಕೈಯಿಂದ ರುಮಾಲು ಜಾರಿತು. ಮಡಿವಾಳೆಪ್ಪ ಅದನ್ನೆತ್ತಿ ತನ್ನ ತೋಳಿಗೆ ಬಿಗಿದುಕೊಂಡ. ಆಮೇಲೆ ತನ್ನನ್ನು ಕಡಿಯಲು ಬಂದವನನ್ನು ಹೆಗಲ ಮೇಲೆ ಹೊತ್ತು ಚಕ್ಕಡಿಗೆ ಹಾಕಿದ.

ಗುರವ್ವ ಮೊರಬದ ಕಡೆಗೆ ಎತ್ತು ಹೊಡೆದಳು. ಹಿಂದೆ ಮಡಿವಾಳೆಪ್ಪ ಮೂರೇ ಬೆರಳಿನ ಕೈಯಲ್ಲಿ ಅವನ ತಲೆ ಅಲ್ಲಾಡದಂತೆ ಹಿಡಿದು, ನಿದ್ದೆಗೆ ಜಾರಬಾರದೆಂದು ಮಾತಾಡುತ್ತಲೇ ಇದ್ದ.

"ಕಣ್ಣು ಮುಚ್ಚಬ್ಯಾಡಲೇ. ಕೇಳಿಲ್ಲಿ. ನಿನ್ನಿ ರಾತ್ರಿ ಮೂರು ವರ್ಷಕ್ಕ ತಂಗಿ ಕೈಯಾಗಿನ ಊಟ ಅಂತ ಆಸೀಲೆ ಕುಂತೆ. ಬ್ಯಾಳ್ಯಾಗ ಉಪ್ಪಿಲ್ಲ, ಪಲ್ಯಾದಾಗ ಉಪ್ಪಿಲ್ಲ. ಗಡಿಗಿ ನೋಡಿದ್ರ ಉಪ್ಪು ಮುಗದು ಯಾವ ಕಾಲಾತೋ, ಜ್ಯಾಡ ಬಲಿ ಕಟ್ಟೈತಿ. ಯಾಕಬೇ ಅಂದ್ರ ಅಳ್ತಾಳ. ನನ್ನ ಉಳಸಾಕ ನಿನಗ ಸಪ್ಪನ ಹಾಕಿದ್ದು ಖರೇ ಇರಬಹುದು. ಅಕಿ ಯಾಕ ಸಪ್ಪನ ತಿಂದ್ಲು? ಜೈಲಿನ ಸಾರಿನ್ಯಾಗರ ಉಪ್ಪಿತ್ತಲೇ, ಮಗನ."

ಈರಬಸಪ್ಪನಿಗೆ ಮಾತು ಬರಲಿಲ್ಲ. ಜಗ್ಗಿದ ಕಣ್ಣಿನಿಂದ ನೀರು ಇಳಿದು ಅವನ ಶತ್ರುವಿನ ಅಂಗೈಗೆ ತಾಗಿತು. ಪಕ್ಕದಲ್ಲಿ ಕೂತ ರೇವವ್ವ ಎಲ್ಲ ಕೇಳಿಸಿಕೊಂಡಳು. ಉಪ್ಪಿನಕಾಯಿ ಹಾಕಿದ ತನ್ನ ಬಲಗೈಯನ್ನೇ ನೋಡುತ್ತ ಕೂತಳು.

ಜೀವ ಉಳಿಯಿತು. ಬಾಯಿ ಮೊದಲಿನಂತಾಯಿತು. ಎಡಗೈ ಮಾತ್ರ ಇನ್ನು ಕೊಡಲಿ ಎತ್ತುವಂತಿರಲಿಲ್ಲ. "ಇನ್ನೊಮ್ಮಿ ಗುಳಗಿ ಬಿಟ್ಟಿ ಅಂದ್ರ ನನ್ನ ಹಂತ್ಯಾಕ ಹೊತ್ಕೊಂಡು ಬರಬ್ಯಾಡ್ರಿ," ಎಂದು ಡಾಕ್ಟರು ಎಲ್ಲರ ಮುಖ ನೋಡಿ ಹೇಳಿದರು.

ವೈಶಾಖದಲ್ಲಿ, ಹತ್ತಿಕಟ್ಟಿಗೆ ಕೀಳುವ ಹೊತ್ತಿಗೆ, ರೇವವ್ವ ಉಪ್ಪಿನ ಗಡಿಗೆ ಹೊತ್ತು ಗುರವ್ವನ ಹೊಸ್ತಿಲಿಗೆ ಬಂದಳು.

"ಇದು ಮನ್ಯಾಗ ಇದ್ರ ನನ್ನ ಕೈ ಸುಮ್ಮ ಇರಂಗಿಲ್ಲವ್ವ. ಇಟ್ಕೋ." ಗಡಿಗೆ ಇಟ್ಟು, ಅಂದು ಹಿಡಿದು ಎಳೆದಿದ್ದ ಕೂದಲನ್ನು ಒಮ್ಮೆ ಸವರಿ, ತಿರುಗಿ ಹೋದಳು.

ಅಂದು ಮಧ್ಯಾಹ್ನ ಈರಬಸಪ್ಪ ಕೋಲೂರಿಕೊಂಡು ಬದುವಿಗೆ ಬಂದ. ಗುರವ್ವ ಬುತ್ತಿ ಬಿಚ್ಚಿದಳು.

"ನಿನ್ನ ನೂಕಿದ್ದೆ ನಾ."

"ನೆನಪೈತಿ. ಇನ್ನೊಮ್ಮಿ ಆ ಕೈ ನನ್ನ ಮ್ಯಾಲ ಬಂದ್ರ ಬುತ್ತೀನೂ ಇಲ್ಲ, ನಾನೂ ಇಲ್ಲ."

ಅವನು ತಲೆಯಾಡಿಸಿದ. ರೊಟ್ಟಿ ಮುರಿದುಕೊಳ್ಳದೆ ಕೂತ.

"ಮೊದ್ಲ ಅಣ್ಣನ ಸಲುವಾಗಿ ಅಂದಿದ್ದಿ. ಎಷ್ಟನೇ ದಿನಕ್ಕ ಬ್ಯಾರೆ ಆತು?"

"ಎಮ್ಮೀನೂ ಮೂಸಂಗಿಲ್ಲ ಅಂದು ನಕ್ಕಿಯಲ್ಲ... ಆ ದಿನ."

"ಅದು ಮೊದಲ್ನೇ ದಿನಾನ ಅಲ್ಲೇನ?"

ಗುರವ್ವ ಪಲ್ಯದ ತಾಟು ಮುಂದೆ ಸರಿಸಿದಳು. ಈರಬಸಪ್ಪ ಕೋಲು ಊರಿ ಎದ್ದ. ಬದು ದಾಟಿ ಅವಳ ನೆಲದಲ್ಲಿ, ಅವಳ ಪಕ್ಕದಲ್ಲಿ ಬಂದು ಕೂತ. ಇಬ್ಬರೂ ಸ್ವಲ್ಪ ಹೊತ್ತು ಉಂಡರು.

"ಅಪ್ಪನ ಸಾಲ ಇರಲೇ ಇಲ್ಲಂತ ಈಗ ತಿಳೀತು," ಅವನು ತಗ್ಗಿದ ದನಿಯಲ್ಲಿ ಅಂದ. "ಆದ್ರ ನಿಮ್ಮಣ್ಣನ ತೋಳಿನ ನೆತ್ತರ, ಅದು ನನ್ನ ಮ್ಯಾಲ ನಿಂತೈತಿ. ಹೆಂಗ ತೀರಸಲಿ?"

"ಅಣ್ಣನ್ನ ಕೇಳೀನಿ. 'ಲಗೂನ ಮದುವಿ ಮಾಡ್ಕೊಂಡು ನಿನ್ನ ಕರ್ಕೊಂಡು ಹೋಗಂತ ಅವಗ ಹೇಳು, ಉಪ್ಪು ಹಾಕಿದ ಸಾರು ಉಣ್ಣಬೇಕು ನಾ' ಅಂತಾನ."

"ನೀ ಏನಂತಿ?"

ಅವಳು ಹಕ್ಕರಕಿಯ ಎಸಳೊಂದನ್ನು ರೊಟ್ಟಿಯಲ್ಲಿ ಸುತ್ತಿ ಅವನ ಸೋತ ಎಡಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಬರ್ತೀನಿ. ಆದ್ರ ಆ ಸಾಲ ತೀರಸಬ್ಯಾಡ, ಹಂಗ ಇರಲಿ. ಕೈ ಎತ್ತಬೇಕು ಅನ್ನಿಸಿದಾಗೆಲ್ಲ ನೆನಪಾಗ್ತೈತಿ."